ಲಾಗ್ ಸಮೀಕರಣದಲ್ಲಿ ಎರಡು ಉತ್ತರ ಬಂದರೆ ಒಂದನ್ನು ಯಾಕೆ ಬಿಡಬೇಕು? ಬೇಸ್ ಬದಲಾದರೆ ಏನು ಬದಲಾಗುತ್ತೆ?

ಬೆಂಚ್_ನಂ_3

ಬೇಸನ್ನು ಚೌಕ ಆವರಣದಲ್ಲಿ ಹಾಕಿದ್ದೇನೆ, ಮೊಬೈಲ್ ಕೀಬೋರ್ಡಿನಲ್ಲಿ ಅಡಿಬರಹ ಬರುತ್ತಿಲ್ಲ.

ಲಾಗ್[2](ಕ್ಷ) + ಲಾಗ್[2](ಕ್ಷ − 2) = 3

ಗುಣಾಕಾರದ ನಿಯಮ (ಲಾಗ್ ಗಳ ಮೊತ್ತ = ಗುಣಲಬ್ಧದ ಲಾಗ್) ಹಾಕಿದರೆ ಕ್ಷ(ಕ್ಷ − 2) = 8, ಅಂದರೆ ಕ್ಷ² − 2ಕ್ಷ − 8 = 0. ಮೂಲಗಳು 4 ಮತ್ತು −2. ಗೈಡಿನಲ್ಲಿ "ಲಾಗ್ ಋಣವಾಗುವುದಿಲ್ಲ, ಆದ್ದರಿಂದ −2 ಅನ್ನು ತಿರಸ್ಕರಿಸಿ" ಅಂತ ಒಂದೇ ಸಾಲು ಇದೆ. ಆದರೆ ಲಾಗ್[2](1/8) = −3 ಅಲ್ವಾ? ಅದು ಋಣವೇ ತಾನೆ?

ಇನ್ನೊಂದು ಗೊಂದಲ. ಗಣಿತದ ಪುಸ್ತಕದಲ್ಲಿ ಲಾಗ್ ಕ್ಷ ಅಂದರೆ ಒಂದು ಬೇಸ್, ರಸಾಯನಶಾಸ್ತ್ರದಲ್ಲಿ ಇನ್ನೊಂದು. ನಡುವೆ 2.303 ಅಂತ ಒಂದು ಸಂಖ್ಯೆ ಬಂದು ಕೂರುತ್ತೆ. ಅದು ಎಲ್ಲಿಂದ ಬಂತು?

ಘಾತಾಂಕ

ಗೈಡಿನ ಉತ್ತರ ಸರಿ, ಕೊಟ್ಟ ಕಾರಣ ತಪ್ಪು. ಲಾಗ್‌ನ ಬೆಲೆ ಋಣ ಆಗಬಹುದು, ಸೊನ್ನೆಯೂ ಆಗಬಹುದು. ಆಗಬಾರದ್ದು ಲಾಗ್ ಒಳಗೆ ಕೂತ ಸಂಖ್ಯೆ. ಲಾಗ್[2](ನ) ಅಂದರೆ "2ನ್ನು ಎಷ್ಟನೇ ಘಾತಕ್ಕೆ ಏರಿಸಿದರೆ ನ ಬರುತ್ತೆ" ಎಂಬ ಪ್ರಶ್ನೆ. 2³ = 8, 2⁰ = 1, 2⁻³ = 1/8. ಘಾತಾಂಕ ಯಾವುದೇ ಇರಲಿ, ಫಲ ಧನಸಂಖ್ಯೆಯೇ. ಹಾಗಾಗಿ ಲಾಗ್[2](−2) ಎಂಬ ಪ್ರಶ್ನೆಗೆ ವಾಸ್ತವ ಸಂಖ್ಯೆಗಳಲ್ಲಿ ಉತ್ತರವೇ ಇಲ್ಲ.

ಹಾಗಾದರೆ −2 ಎಲ್ಲಿಂದ ನುಸುಳಿತು? ಗುಣಾಕಾರದ ನಿಯಮ ಹಾಕಿದ ಸಾಲಿನಲ್ಲಿ. ಮೂಲ ಸಮೀಕರಣಕ್ಕೆ ಕ್ಷ ಮತ್ತು ಕ್ಷ − 2 ಎರಡೂ ಬೇರೆಬೇರೆಯಾಗಿ ಧನ ಆಗಿರಬೇಕು. ನಿಮ್ಮ ಎರಡನೇ ಸಾಲು ಕೇಳುವುದು ಅವುಗಳ ಗುಣಲಬ್ಧ 8 ಆಗಬೇಕು ಅಂತ ಮಾತ್ರ. ಕ್ಷ = −2 ಇಟ್ಟರೆ (−2)(−4) = 8. ಋಣ ಋಣ ಸೇರಿ ಧನ ಆಗಿ ಒಳಗೆ ಬಂತು. ಎರಡನೇ ಸಾಲಿನ ಷರತ್ತು ಮೊದಲನೆಯದಕ್ಕಿಂತ ಸಡಿಲ, ಆದ್ದರಿಂದ ಅದಕ್ಕೆ ಒಂದು ಉತ್ತರ ಹೆಚ್ಚು.

ಬಿಡಿಸುವ ಮೊದಲೇ ಷರತ್ತು ಬರೆದಿಟ್ಟುಕೊಂಡರೆ ಗೊಂದಲವಿಲ್ಲ: ಕ್ಷ > 0 ಮತ್ತು ಕ್ಷ − 2 > 0, ಎರಡೂ ಸೇರಿ ಕ್ಷ > 2. ಕೊನೆಗೆ 4 ಉಳಿಯುತ್ತೆ. ತಾಳೆ ನೋಡಿ: ಲಾಗ್[2](4) + ಲಾಗ್[2](2) = 2 + 1 = 3.

ಹಾಗಂತ "ಋಣ ಉತ್ತರ ಬಂದರೆ ಹೊಡೆದುಹಾಕು" ಅಂತ ನಿಯಮ ಮಾಡಿಕೊಳ್ಳಬೇಡಿ. ಇವೆರಡನ್ನು ನೋಡಿ:

ಲಾಗ್[2](ಕ್ಷ² − 2ಕ್ಷ) = 3. ವರ್ಗ ಸಮೀಕರಣ ಅದೇ, ಮೂಲಗಳೂ ಅವೇ 4 ಮತ್ತು −2. ಆದರೆ ಇಲ್ಲಿ ಎರಡೂ ಸರಿ, ಯಾಕೆಂದರೆ ಲಾಗ್ ಒಂದೇ ಇದೆ, ಅದರ ಒಳಗೆ ಎರಡು ಸಲವೂ 8 ಬರುತ್ತೆ.

ಲಾಗ್[2](1 − ಕ್ಷ) = 3. ಉತ್ತರ ಕ್ಷ = −7. ಒಳಗೆ 1 + 7 = 8, ಏನೂ ತೊಂದರೆಯಿಲ್ಲ.

ಪರೀಕ್ಷೆಯಲ್ಲಿ −7ನ್ನು ಹೊಡೆದುಹಾಕಿ "ಪರಿಹಾರವಿಲ್ಲ" ಅಂತ ಬರೆಯುವವರು ಬೇಕಾದಷ್ಟು ಮಂದಿ.

ಹುಬ್ಬಳ್ಳಿ_ಲೆಕ್ಕ

ಸರ್ ಹೇಳಿದ್ದು ಖರೆ ಐತಿ. ಇದರ ಉಲ್ಟಾ ತಪ್ಪೂ ಒಂದ್ ಐತ್ರೀ, ಅದು ಇನ್ನೂ ಕೆಟ್ಟದ್ದು. ಬ್ಯಾಡಾದ ಮೂಲ ಬಂದ್ರ ತಾಳೆ ನೋಡೂ ಮುಂದ ಸಿಕ್ಕ ಬೀಳತೈತಿ. ಇದ್ದ ಮೂಲ ಕಳಕೊಂಡ್ರ ಯಾರಿಗೂ ಗೊತ್ತ ಆಗೂದಿಲ್ಲ.

ಲಾಗ್[10](ಕ್ಷ²) = 4

ಎಲ್ಲಾರೂ 2 ಲಾಗ್ ಕ್ಷ = 4, ಲಾಗ್ ಕ್ಷ = 2, ಕ್ಷ = 100 ಅಂತ ಬರದು ಕೈ ತೊಳಕೋತಾರ. ಆದ್ರ ಕ್ಷ = −100 ಇಟ್ಟು ನೋಡ್ರಿ: (−100)² = 10000, ಅದರ ಲಾಗ್ 4. ಅದೂ ಉತ್ತರ ಐತಿ! ಘಾತಾಂಕ ಮುಂದ ತಂದಾಗ ಷರತ್ತು ಬಿಗಿ ಆತು. ಲಾಗ್(ಕ್ಷ²) ಅನ್ನೂದಕ್ಕ ಕ್ಷ ಸೊನ್ನೆ ಆಗದಿದ್ರ ಸಾಕು, 2 ಲಾಗ್ ಕ್ಷ ಅನ್ನೂದಕ್ಕ ಕ್ಷ ಧನಾನ ಇರಬೇಕು. ಸಮ ಘಾತ ಇದ್ದಲ್ಲಿ ಮಾಡ್ಯುಲಸ್ (ಚಿಹ್ನೆ ಬಿಟ್ಟ ಬೆಲೆ) ಹಾಕ್ರಿ: ಲಾಗ್(ಕ್ಷ²) = 2 ಲಾಗ್|ಕ್ಷ|. ಆವಾಗ |ಕ್ಷ| = 100, ಎರಡೂ ಕೈಯಾಗ ಉಳೀತಾವು.

ಘಾತ ಬೆಸ ಇದ್ರ, ಲಾಗ್(ಕ್ಷ³) ಅಂಥದ್ದು, ಈ ತ್ರಾಸ ಇಲ್ಲ. ಕ್ಷ³ ಧನ ಇದ್ರ ಕ್ಷನೂ ಧನಾನ.

ಬೆಂಚ್_ನಂ_3

ಸರಿ, ಅಂದರೆ ಸಾಲಿನಿಂದ ಸಾಲಿಗೆ ಹೋಗುವಾಗ ಷರತ್ತು ಸಡಿಲ ಆಯ್ತಾ ಬಿಗಿ ಆಯ್ತಾ ಅಂತ ನೋಡಬೇಕು. ಇನ್ನೊಂದು: 4^ಕ್ಷ − 2^ಕ್ಷ = 12. ಎರಡೂ ಬದಿಗೆ ಲಾಗ್ ತಗೊಂಡೆ. ಕ್ಷ ಲಾಗ್ 4 − ಕ್ಷ ಲಾಗ್ 2 = ಲಾಗ್ 12. ಕ್ಷ = ಲಾಗ್ 12 / ಲಾಗ್ 2 = 3.585. ಪುಸ್ತಕದ ಉತ್ತರ 2.

ಘಾತಾಂಕ

ನಿಮ್ಮ 3.585 ಇಟ್ಟು ನೋಡಿ: 2^ಕ್ಷ = 12, 4^ಕ್ಷ = 144, ವ್ಯತ್ಯಾಸ 132. ಬೇಕಾಗಿದ್ದು 12.

ಎರಡೂ ಬದಿಗೆ ಲಾಗ್ ಹಾಕುವುದು ಅಂದರೆ ಇಡೀ ಎಡಬದಿಗೆ ಒಂದು ಲಾಗ್, ಇಡೀ ಬಲಬದಿಗೆ ಒಂದು ಲಾಗ್. ಲಾಗ್(4^ಕ್ಷ − 2^ಕ್ಷ) ಎಂಬುದನ್ನು ಒಡೆಯುವ ನಿಯಮವೇ ಇಲ್ಲ. ಗುಣಾಕಾರ, ಭಾಗಾಕಾರ, ಘಾತ, ಈ ಮೂರಕ್ಕೆ ಮಾತ್ರ ಲಾಗ್ ಬಗ್ಗುತ್ತೆ. ಸಂಕಲನ, ವ್ಯವಕಲನಕ್ಕೆ ಬಗ್ಗಲ್ಲ. ಕೂಡುವ, ಕಳೆಯುವ ಪದಗಳು ಕಂಡರೆ ಲಾಗ್ ಎತ್ತಬೇಡಿ. ಮೊದಲು ಆದೇಶ (ಒಂದು ಪದದ ಜಾಗದಲ್ಲಿ ಬೇರೆ ಅಕ್ಷರ ಇಡುವುದು) ಹುಡುಕಿ. 2^ಕ್ಷ = ಟ ಅಂತಿಟ್ಟರೆ 4^ಕ್ಷ = ಟ².

ಟ² − ಟ − 12 = 0, (ಟ − 4)(ಟ + 3) = 0, ಟ = 4 ಅಥವಾ −3. 2^ಕ್ಷ ಋಣ ಆಗಲ್ಲವಾದ್ದರಿಂದ −3 ಹೋಯಿತು. 2^ಕ್ಷ = 4, ಕ್ಷ = 2.

ಇಲ್ಲಿ −3ನ್ನು ಬಿಟ್ಟದ್ದು ಟ ಎಂಬುದು ಘಾತದ ಬೆಲೆ ಆದ್ದರಿಂದ. ಟ = ಲಾಗ್ ಕ್ಷ ಅಂತ ಇಟ್ಟಿದ್ದರೆ ಟ ಋಣ ಆದರೂ ಬಿಡುವಂತಿಲ್ಲ. ಉದಾಹರಣೆಗೆ ಕ್ಷ^(ಲಾಗ್ ಕ್ಷ) = 100ಕ್ಷ, ಬೇಸ್ 10. ಇಲ್ಲಿ ಎರಡೂ ಬದಿ ಗುಣಾಕಾರ ಮತ್ತು ಘಾತ ಮಾತ್ರ, ಹಾಗಾಗಿ ಧೈರ್ಯವಾಗಿ ಲಾಗ್ ಹಾಕಬಹುದು: (ಲಾಗ್ ಕ್ಷ)² = 2 + ಲಾಗ್ ಕ್ಷ. ಟ² − ಟ − 2 = 0, ಟ = 2 ಅಥವಾ −1. ಕ್ಷ = 100 ಅಥವಾ 0.1. ತಾಳೆ: 100² = 10000 = 100 × 100. 0.1⁻¹ = 10 = 100 × 0.1. ಎರಡೂ ನಿಲ್ಲುತ್ತವೆ.

(ಲಾಗ್ ಕ್ಷ)² ಮತ್ತು ಲಾಗ್(ಕ್ಷ²) ಬೇರೆಬೇರೆ. ಆವರಣ ಬಿಟ್ಟು ಲಾಗ್ ಕ್ಷ² ಅಂತ ಬರೆದು ಆಮೇಲೆ ತಾವೇ ಗೊಂದಲಕ್ಕೆ ಬೀಳಬೇಡಿ.

ಈಗ ಬೇಸ್ ವಿಚಾರ. ಒಂದೇ ಸೂತ್ರ ಸಾಕು:

ಲಾಗ್[ಬ](ನ) = ಲಾಗ್[ಕ](ನ) / ಲಾಗ್[ಕ](ಬ)

ಬಲಬದಿಯ ಕ ನಿಮಗೆ ಬೇಕಾದ ಯಾವ ಬೇಸ್ ಆದರೂ ಸರಿ, ಮೇಲೆ ಕೆಳಗೆ ಒಂದೇ ಇದ್ದರಾಯಿತು. ಬೇಸ್ ಬದಲಿಸುವುದು ಅಂದರೆ ಎಲ್ಲ ಲಾಗ್‌ಗಳನ್ನೂ ಒಂದೇ ಸ್ಥಿರಾಂಕದಿಂದ ಭಾಗಿಸುವುದು, ಅಡಿಯಲ್ಲಿ ಅಳೆದದ್ದನ್ನು ಮೀಟರಿಗೆ ತಿರುಗಿಸಿದ ಹಾಗೆ. 3^ಕ್ಷ = 20 ತಗೊಳ್ಳಿ. ಬೇಸ್ 10ರಲ್ಲಿ 1.3010 / 0.4771, ಬೇಸ್ ಇ (2.718… ಎಂಬ ಸ್ಥಿರಾಂಕ) ಹಿಡಿದರೆ 2.9957 / 1.0986. ಎರಡರಲ್ಲೂ 2.727. ಇದನ್ನು ಲಾಗ್ 20 − ಲಾಗ್ 3 ಅಂತ ಮಾಡಿದರೆ 0.824 ಬರುತ್ತೆ, ಅದು ಲಾಗ್(20/3). ಲಾಗ್‌ಗಳ ಭಾಗಾಕಾರ ಬೇರೆ, ಭಾಗಾಕಾರದ ಲಾಗ್ ಬೇರೆ. 3² = 9, 3³ = 27, ಹಾಗಾಗಿ ಉತ್ತರ 2 ಮತ್ತು 3ರ ನಡುವೆ ಇರಲೇಬೇಕು ಅಂತ ಮೊದಲೇ ಅಂದಾಜು ಮಾಡಿದ್ದರೆ 0.824 ಕಂಡ ಕೂಡಲೇ ಅನುಮಾನ ಬರುತ್ತಿತ್ತು.

ಒಂದೇ ಸಮೀಕರಣದಲ್ಲಿ ಹಲವು ಬೇಸ್ ಇದ್ದರೆ ಎಲ್ಲವನ್ನೂ ಚಿಕ್ಕ ಬೇಸಿಗೆ ತನ್ನಿ:

ಲಾಗ್[2](ಕ್ಷ) + ಲಾಗ್[4](ಕ್ಷ) + ಲಾಗ್[16](ಕ್ಷ) = 7

ಲಾಗ್[4](ಕ್ಷ) ಎಂಬುದು ಲಾಗ್[2](ಕ್ಷ)ದ ಅರ್ಧ, ಏಕೆಂದರೆ ಲಾಗ್[2](4) = 2. ಲಾಗ್[16](ಕ್ಷ) ಅದರ ಕಾಲು. ಟ(1 + 1/2 + 1/4) = 7, ಟ = 4, ಕ್ಷ = 16. ತಾಳೆ 4 + 2 + 1. ಬೇಸ್ ದೊಡ್ಡದಾದಷ್ಟು ಲಾಗ್ ಚಿಕ್ಕದಾಗುತ್ತೆ (ಕ್ಷ 1ಕ್ಕಿಂತ ದೊಡ್ಡದಿದ್ದಾಗ). ಎಷ್ಟೋ ಮಂದಿ ಲಾಗ್[4]ನ್ನು 2 ಪಟ್ಟು ಅಂತ ಬರೆದುಬಿಡುತ್ತಾರೆ, ಅರ್ಧ ಅಂತಲ್ಲ.

ರಸಾಯನ_ಕೊಠಡಿ

2.303ರ ಉತ್ತರ ಮೇಲಿನ ಸೂತ್ರದಲ್ಲೇ ಇದೆ. ಬೇಸ್ ಇ ಇರುವ ಲಾಗ್‌ನ್ನು ಬೇಸ್ 10ಕ್ಕೆ ತಿರುಗಿಸಿ:

ಎಲ್‌ಎನ್(ನ) = ಲಾಗ್[10](ನ) × ಎಲ್‌ಎನ್(10), ಮತ್ತು ಎಲ್‌ಎನ್(10) = 2.302585…

ಅಷ್ಟೇ. (ವೇಗ ಸಾಂದ್ರತೆಗೆ ಅನುಪಾತದಲ್ಲಿರುವ) ಫಸ್ಟ್ ಆರ್ಡರ್ ರಿಯಾಕ್ಷನ್‌ನ ಸೂತ್ರವನ್ನು ಇಂಟಿಗ್ರೇಷನ್ ಮಾಡಿ ತಂದಾಗ ಬರುವುದು ಎಲ್‌ಎನ್. ಕೈಯಲ್ಲಿರುವ ಲಾಗ್ ಟೇಬಲ್ ಮಾತ್ರ ಬೇಸ್ 10. ಹಾಗಾಗಿ ಕೆ = (2.303/ಟಿ) ಲಾಗ್(ಮೊದಲ ಸಾಂದ್ರತೆ / ಉಳಿದ ಸಾಂದ್ರತೆ) ಅಂತ ಬರೆಯುತ್ತಾರೆ; ಕೆ ಅಂದರೆ ವೇಗ ಸ್ಥಿರಾಂಕ, ಟಿ ಅಂದರೆ ಸಮಯ. ಅರ್ಧ ಮುಗಿಯುವ ಹೊತ್ತಿಗೆ ಅನುಪಾತ 2: 2.303 × 0.3010 = 0.693. ಹಾಫ್ ಲೈಫ್ (ಅರ್ಧ ಮುಗಿಯಲು ಬೇಕಾದ ಸಮಯ) ಸೂತ್ರದ 0.693 ಬಂದದ್ದು ಹೀಗೆ, ಅದು ಎಲ್‌ಎನ್(2).

ಪರೀಕ್ಷೆಯಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ: 90 ಶೇಕಡಾ ಮುಗಿಯಲು ಎಷ್ಟು ಹಾಫ್ ಲೈಫ್ ಬೇಕು? ಉಳಿದದ್ದು ಹತ್ತನೇ ಒಂದು, ಅನುಪಾತ 10. ಲಾಗ್ 10 / ಲಾಗ್ 2 = 1/0.3010 = 3.32. ಇದು ಲಾಗ್[2](10)ರ ಬೆಲೆಯೇ. ಪ್ರತಿ ಹಾಫ್ ಲೈಫಿಗೆ ಅರ್ಧವಾಗುವುದರಿಂದ ಇಲ್ಲಿ ಸಹಜ ಬೇಸ್ 2, ಕೆ ಗೊತ್ತಿಲ್ಲದಿದ್ದರೂ ಉತ್ತರ ಬರುತ್ತೆ.

ಕ್ಯಾಲ್ಕುಲೇಟರ್ ಕೈಗೆ ಬಂದಾಗ ಆಗುವ ಅನಾಹುತ: ಸೂತ್ರದಲ್ಲಿ 2.303 ಇದೆ, ಒತ್ತಿದ್ದು ಎಲ್‌ಎನ್ ಬಟನ್. ಆಗ 2.303 ಎರಡು ಸಲ ಸೇರಿತು. ನರ್ನ್‌ಸ್ಟ್ ಸಮೀಕರಣದಲ್ಲೂ (ಸಾಂದ್ರತೆಯಿಂದ ಕೋಶದ ವೋಲ್ಟೇಜ್ ಕೊಡುವ ಸೂತ್ರ) ಇದೇ. 298 ಕೆಲ್ವಿನ್‌ನಲ್ಲಿ 0.0591 ಎಂಬ ಸಂಖ್ಯೆಯೊಳಗೆ 2.303 ಆಗಲೇ ಇದೆ. ಇಲ್ಲದಿದ್ದರೆ ಅದು 0.0257. ಡೇನಿಯಲ್ ಕೋಶ (ಸತು-ತಾಮ್ರದ ಬ್ಯಾಟರಿ), ಇ ನಾಟ್ (ಪ್ರಮಾಣಿತ ವೋಲ್ಟೇಜ್) 1.10 ವೋಲ್ಟ್, ಸತುವಿನ ಅಯಾನು 1 ಮೋಲಾರ್, ತಾಮ್ರದ ಅಯಾನು 0.01 ಮೋಲಾರ್ ಅಂತಿಟ್ಟುಕೊಳ್ಳಿ. ಅನುಪಾತ 100, ಲಾಗ್ 2, ಎರಡು ಎಲೆಕ್ಟ್ರಾನ್: 1.10 − (0.0591/2) × 2 = 1.041 ವೋಲ್ಟ್. ಎಲ್‌ಎನ್ ಒತ್ತಿದರೆ 4.605 ಬಂದು ಉತ್ತರ 0.964 ಆಗುತ್ತೆ. ನೋಡಲು ಎರಡೂ ಸರಿಯಾದ ವೋಲ್ಟೇಜ್ ಹಾಗೆಯೇ ಕಾಣುತ್ತವೆ, ಅದೇ ಅಪಾಯ. 0.0591 ಕಂಡರೆ ಲಾಗ್, 0.0257 ಕಂಡರೆ ಎಲ್‌ಎನ್.

ಗಣಿತ ಪುಸ್ತಕದ ವಿಷಯ: 12ನೇ ತರಗತಿಯ ಕ್ಯಾಲ್ಕುಲಸ್‌ನಲ್ಲಿ ಬೇಸ್ ಹೇಳದೆ ಲಾಗ್ ಕ್ಷ ಅಂದರೆ ಬೇಸ್ ಇ. ಲಾಗ್ ಕ್ಷ ದ ಡಿರೈವೇಟಿವ್ 1/ಕ್ಷ ಅಂತ ಬರೆದಿರುವುದೇ ಗುರುತು. ಬೇಸ್ 10 ಆಗಿದ್ದರೆ 0.4343/ಕ್ಷ ಅಂತ ಇರಬೇಕಿತ್ತು.

ಬೆಂಚ್_ನಂ_3

ಥ್ಯಾಂಕ್ಸ್ ಮೇಡಂ. ಪರೀಕ್ಷೆಯಲ್ಲಿ ಸೈಂಟಿಫಿಕ್ ಕ್ಯಾಲ್ಕುಲೇಟರ್ ಬಿಡಲ್ಲವಲ್ಲ, ಟೇಬಲ್‌ನಲ್ಲಿ 1ಕ್ಕಿಂತ ಚಿಕ್ಕ ಸಂಖ್ಯೆ ಬಂದರೆ ತಲೆ ಕೆಡುತ್ತೆ. 0.00025ರ ಲಾಗ್ −4.3979 ಅಂತ ಬರೆದು ಪಿಎಚ್ (ಹೈಡ್ರೋಜನ್ ಅಯಾನು ಸಾಂದ್ರತೆಯ ಲಾಗ್, ಚಿಹ್ನೆ ಬದಲಿಸಿ) 4.4 ಅಂದೆ. ತಪ್ಪಂತೆ.

ರಸಾಯನ_ಕೊಠಡಿ

ಗೆರೆಯ ಕತೆ ಅದು. 0.00025 = 2.5 × 10⁻⁴. ಟೇಬಲ್ ಕೊಡುವುದು ಲಾಗ್ 2.5 = 0.3979, ಅದು ಯಾವಾಗಲೂ ಧನ. ಕ್ಯಾರೆಕ್ಟರಿಸ್ಟಿಕ್ (ಪೂರ್ಣಾಂಕ ಭಾಗ) −4. ಎರಡನ್ನೂ ಕೂಡಬೇಕು: −4 + 0.3979 = −3.6021. ಪಿಎಚ್ 3.60. "ಬಾರ್ 4 ಪಾಯಿಂಟ್ 3979" ಅಂತ ಬರೆದಾಗ ತಲೆಯ ಮೇಲಿನ ಗೆರೆ 4ಕ್ಕೆ ಮಾತ್ರ ಸೇರಿದ್ದು, ಮ್ಯಾಂಟಿಸ್ಸಾಗೆ (ದಶಮಾಂಶ ಭಾಗಕ್ಕೆ) ಅಲ್ಲ. ಸಾಂದ್ರತೆ 10⁻⁴ ಮತ್ತು 10⁻³ರ ನಡುವೆ ಇರುವಾಗ ಪಿಎಚ್ 3 ಮತ್ತು 4ರ ನಡುವೆಯೇ ಇರಬೇಕು. 4.4 ಅಲ್ಲೇ ಸಿಕ್ಕಿಬೀಳುತ್ತೆ.

ಬಾರ್ ಇರುವುದನ್ನು ಭಾಗಿಸುವಾಗ ಇನ್ನೊಂದು ಗುಂಡಿ. 0.025ರ ಘನಮೂಲ ಬೇಕು. ಲಾಗ್ = ಬಾರ್ 2 ಪಾಯಿಂಟ್ 3979. −2ನ್ನು 3ರಿಂದ ಭಾಗಿಸಿದರೆ ಪೂರ್ಣಾಂಕ ಬರಲ್ಲ. ಆದ್ದರಿಂದ −2 + 0.3979ನ್ನು −3 + 1.3979 ಅಂತ ಬರೆಯಿರಿ. ಭಾಗಿಸಿದರೆ −1 + 0.4660. ಆಂಟಿಲಾಗ್ (ಈ ಲಾಗ್ ಇರುವ ಸಂಖ್ಯೆ) 0.2924.

ಮೀನ್ ಡಿಫರೆನ್ಸ್ ಕಾಲಂ ಮರೆಯಬೇಡಿ: 2.736ಕ್ಕೆ 27ರ ಸಾಲು, 3ರ ಕಾಲಂನಲ್ಲಿ 4362, ಅದೇ ಸಾಲಿನ ಮೀನ್ ಡಿಫರೆನ್ಸ್ 6ರಲ್ಲಿ 9. ಒಟ್ಟು 4371. ಪಕ್ಕದ ಸಾಲಿನ ಡಿಫರೆನ್ಸ್ ಓದುವುದು ಸಾಮಾನ್ಯ ತಪ್ಪು, ಒಂದು ಸ್ಕೇಲ್ ಇಟ್ಟುಕೊಂಡು ಓದಿ.

ಹುಬ್ಬಳ್ಳಿ_ಲೆಕ್ಕ

ಸಾದಾ ಕ್ಯಾಲ್ಕುಲೇಟರ್ ಬಿಡ್ತಾರಲ್ಲ (ನಿಮ್ಮ ವರ್ಷದ ಸೂಚನಾ ಓದ್ಕೊಳ್ರಿ ಮೊದ್ಲ), ಅದರಾಗ ವರ್ಗಮೂಲದ ಬಟನ್ ಇದ್ರ ಲಾಗ್ ತಗೀಬಹುದು. ಸಂಖ್ಯೆ ಹಾಕಿ ವರ್ಗಮೂಲ 19 ಸಲ ಒತ್ರಿ, 1 ಕಳೀರಿ, 227695ರಿಂದ ಗುಣಸ್ರಿ. 2 ಹಾಕಿದ್ರ 12 ಅಂಕಿ ಕ್ಯಾಲ್ಕುಲೇಟರಿನ್ಯಾಗ 0.3010 ಬರತೈತಿ.

ಯಾಕ ಬರತೈತಿ ಅಂದ್ರ: 19 ಸಲ ವರ್ಗಮೂಲ ತಗದ್ರ ಘಾತ 1/524288 ಆತು. 1ರ ಹತ್ತಿರ ಬಂದ ಸಂಖ್ಯೆಯಿಂದ 1 ಕಳದ್ರ ಉಳಿಯೂದು ಹೆಚ್ಚುಕಡಿಮಿ ಅದರ ಎಲ್‌ಎನ್. 524288ರಿಂದ ಗುಣಿಸಿ 2.302585ರಿಂದ ಭಾಗಿಸಬೇಕು, 524288/2.302585 = 227695. ಅಲ್ಲೂ ಅದ 2.303 ಬಂತ ನೋಡ್ರಿ! ಎಲ್‌ಎನ್ ಬೇಕಂದ್ರ 524288ರಿಂದ ಗುಣಸ್ರಿ, ಮುಗೀತು.

8 ಅಂಕಿ ಕ್ಯಾಲ್ಕುಲೇಟರಿನ್ಯಾಗ ಇದನ್ನ ಮಾಡಬ್ಯಾಡ್ರಿ. 1.0000013 ಅಂತ ಬಂದು ಮುಂದಿನ ಅಂಕಿ ಎಲ್ಲಾ ಹೋಗಿರತಾವು, ಉತ್ತರ 0.296. ಅದರಾಗ 12 ಸಲ ಅಷ್ಟ ಒತ್ತಿ, 1 ಕಳದು, 0.00056231ರಿಂದ ಭಾಗಸ್ರಿ. 2ಕ್ಕ 0.3009ರ ಆಸುಪಾಸು ಬರತೈತಿ. ಹೆಚ್ಚು ಸಲ ಒತ್ತಿದ್ರ ಹೆಚ್ಚು ನಿಖರ ಅನ್ನೂದು ಸುಳ್ಳು, ಅಂಕಿ ತುಂಡಾಗೂದು ಒಂದ್ ಕಡೆ, ಅಂದಾಜಿನ ತಪ್ಪು ಇನ್ನೊಂದ್ ಕಡೆ.

ಕೋಡ್_ಕಟ್ಟೆ

ಸೈಂಟಿಫಿಕ್ ಇರುವವರಿಗೂ ಒಂದು ಮಾತು. ಕೆಲವು ಮಾಡೆಲ್‌ಗಳಲ್ಲಿ ಲಾಗ್ ಒತ್ತಿದರೆ ಆವರಣ ತಾನಾಗಿ ತೆರೆದುಕೊಳ್ಳುತ್ತೆ. ಲಾಗ್(20 ÷ ಲಾಗ್(3 ಅಂತ ಮುಚ್ಚದೆ ಒತ್ತಿದರೆ ಅದು 20ನ್ನು 0.4771ರಿಂದ ಭಾಗಿಸಿ ಆಮೇಲೆ ಲಾಗ್ ತೆಗೆಯುತ್ತೆ, 1.622. 20 ಆದ ಮೇಲೆ ಆವರಣ ಮುಚ್ಚಿ.

ಪ್ರೋಗ್ರಾಂ ಬರೆಯುವವರಿಗೆ: ಪೈಥಾನ್‌ನ ಮ್ಯಾಥ್.ಲಾಗ್ ಒಂದೇ ಸಂಖ್ಯೆ ಕೊಟ್ಟರೆ ಬೇಸ್ ಇ. ಸಿ, ಜಾವಾಸ್ಕ್ರಿಪ್ಟ್ ಸಹ ಹಾಗೇ. ಎಕ್ಸೆಲ್ ಹಾಳೆಯ ಲಾಗ್ ಫಂಕ್ಷನ್ ಬೇಸ್ 10. ಆದರೆ ಅದೇ ಎಕ್ಸೆಲ್‌ನ ಮ್ಯಾಕ್ರೊ ಭಾಷೆ ವಿಬಿಎಯಲ್ಲಿ ಲಾಗ್ ಅಂದರೆ ಬೇಸ್ ಇ. ಒಂದೇ ಫೈಲಿನಲ್ಲಿ ಎರಡು ಅರ್ಥ. ಸಂಶಯ ಇದ್ದರೆ 10 ಕೊಟ್ಟು ನೋಡಿ: 1 ಬಂದರೆ ಬೇಸ್ 10, 2.302… ಬಂದರೆ ಬೇಸ್ ಇ, 3.32… ಬಂದರೆ ಬೇಸ್ 2.

ಬೇಸ್ ಬದಲಿಸುವ ಸೂತ್ರ ಕಾಗದದ ಮೇಲೆ ಕರಾರುವಾಕ್ಕು, ಕಂಪ್ಯೂಟರಿನಲ್ಲಿ ಅಲ್ಲ. ಪೈಥಾನ್‌ನಲ್ಲಿ ಮ್ಯಾಥ್.ಲಾಗ್(1000, 10) ಕೊಟ್ಟರೆ 2.9999999999999996 ಬರುತ್ತೆ. ಒಳಗೆ ಅದು ಎರಡು ಎಲ್‌ಎನ್‌ಗಳ ಭಾಗಾಕಾರ, ಎರಡೂ ಮೊದಲೇ ಅಂಕಿ ಕತ್ತರಿಸಿದವು. ಇದನ್ನು ಪೂರ್ಣಾಂಕಕ್ಕೆ ಇಳಿಸಿ 1 ಕೂಡಿ "1000ದಲ್ಲಿ ಎಷ್ಟು ಅಂಕಿ" ಅಂತ ಕೇಳಿದರೆ 3 ಅನ್ನುತ್ತೆ. ಮ್ಯಾಥ್.ಲಾಗ್10 ಬಳಸಿದರೆ ಸರಿಯಾಗಿ 3.0 ಬಂದು ಉತ್ತರ 4 ಆಗುತ್ತೆ. ಪೂರ್ಣಾಂಕದ ಅಂಕಿ ಎಣಿಸಲು ಲಾಗ್ ಬೇಡವೇ ಬೇಡ, ಸ್ಟ್ರಿಂಗ್ ಮಾಡಿ ಉದ್ದ ನೋಡಿ.

ಅಂಕಿ ಎಣಿಸುವ ಲೆಕ್ಕ ಕೈಯಲ್ಲೂ ಚೆನ್ನ: 2¹⁰⁰ರಲ್ಲಿ ಎಷ್ಟು ಅಂಕಿ? 100 × 0.30103 = 30.103, ಪೂರ್ಣಭಾಗಕ್ಕೆ 1 ಕೂಡಿ, 31.

ತಾಳೆಗರಿ

ಬೇಸ್ ಬಗ್ಗೆ ಮಾತು ಬಂದದ್ದರಿಂದ ಒಂದು ಅಡ್ಡಮಾತು. "ಬೇಸ್ ಇ ಇರುವುದು ನೇಪಿಯರ್ ಲಾಗ್" ಅಂತ ಹಲವು ಗೈಡ್‌ಗಳಲ್ಲಿ ಇರುತ್ತೆ. ಜಾನ್ ನೇಪಿಯರ್ 1614ರಲ್ಲಿ ಪ್ರಕಟಿಸಿದ ಕೋಷ್ಟಕಕ್ಕೆ ಬೇಸ್ ಎಂಬ ಕಲ್ಪನೆಯೇ ಇರಲಿಲ್ಲ. ಅವನಲ್ಲಿ 1 ಕೋಟಿಯ ಲಾಗ್ ಸೊನ್ನೆ, ಸಂಖ್ಯೆ ಚಿಕ್ಕದಾದಷ್ಟು ಲಾಗ್ ದೊಡ್ಡದು. 1ರ ಲಾಗ್ ಸೊನ್ನೆ ಆಗದ ಕಾರಣ ಗುಣಾಕಾರದ ನಿಯಮ ಈಗಿನಷ್ಟು ಸರಳವಾಗಿಯೂ ಇರಲಿಲ್ಲ. ಹೆನ್ರಿ ಬ್ರಿಗ್ಸ್ ಅವನನ್ನು ಕಂಡು ಮಾತಾಡಿದ ಮೇಲೆ 1ರ ಲಾಗ್ 0, 10ರ ಲಾಗ್ 1 ಎಂಬ ಏರ್ಪಾಡು ಬಂತು. 1617ರಲ್ಲಿ ಬ್ರಿಗ್ಸ್ 1ರಿಂದ 1000ದವರೆಗಿನ ಕೋಷ್ಟಕ ಕೊಟ್ಟ. ನಿಮ್ಮ ಪರೀಕ್ಷೆಯ ಟೇಬಲ್ ಅದರ ಮೊಮ್ಮಗು.

ಅದಕ್ಕೂ ಎಂಟು ಶತಮಾನ ಮೊದಲೇ ಜೈನ ಆಚಾರ್ಯ ವೀರಸೇನರ ಧವಳಾ ಟೀಕೆಯಲ್ಲಿ "ಅರ್ಧಚ್ಛೇದ" ಇದೆ: ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ. 32ರ ಅರ್ಧಚ್ಛೇದ 5. ಇದು ಲಾಗ್[2]. ಮೂರರಿಂದ ಭಾಗಿಸುವುದಕ್ಕೆ ತ್ರಿಕಚ್ಛೇದ, ನಾಲ್ಕರಿಂದ ಭಾಗಿಸುವುದಕ್ಕೆ ಚತುರ್ಥಚ್ಛೇದ, ಅಂದರೆ ಬೇಸ್ 3, ಬೇಸ್ 4. ಗುಣಲಬ್ಧದ ಅರ್ಧಚ್ಛೇದ ಎಂದರೆ ಅರ್ಧಚ್ಛೇದಗಳ ಮೊತ್ತ ಎಂಬ ನಿಯಮವೂ ಅಲ್ಲಿದೆ. ಆ ಗ್ರಂಥದ ತಾಳೆಗರಿಗಳು ಉಳಿದದ್ದು ನಮ್ಮ ಮೂಡುಬಿದಿರೆಯಲ್ಲಿ, ಹಳಗನ್ನಡ ಲಿಪಿಯಲ್ಲಿ. ಆದರೆ ಅದು ಲೆಕ್ಕ ಹಾಕಲು ಮಾಡಿದ ಕೋಷ್ಟಕವಲ್ಲ, ಅತಿ ದೊಡ್ಡ ಸಂಖ್ಯೆಗಳ ಬಗ್ಗೆ ಮಾತಾಡುವ ಸಾಧನ. "ನಾವೇ ಮೊದಲು ಲಾಗ್ ಟೇಬಲ್ ಮಾಡಿದೆವು" ಅಂತ ಯಾರಾದರೂ ಫಾರ್ವರ್ಡ್ ಕಳಿಸಿದರೆ ನಂಬಬೇಡಿ.

ಕಡಲತೀರ

ನನ್ನದೊಂದು ಪ್ರಶ್ನೆ ಉಂಟು. ಬೇಸಿನಲ್ಲೇ ಕ್ಷ ಇದ್ದರೆ? ಲಾಗ್[ಕ್ಷ](ಕ್ಷ + 6) = 2. ಕ್ಷ² = ಕ್ಷ + 6, ಮೂಲಗಳು 3 ಮತ್ತು −2. ಈಗ −2 ಇಟ್ಟರೆ ಒಳಗಿನ ಸಂಖ್ಯೆ 4, ಧನ. (−2)² = 4 ಸಹ ಸರಿಯೇ. ಮತ್ತೆ ಅದನ್ನು ಬಿಡುವುದು ಯಾಕೆ ಮಾರಾಯ್ರೆ?

ಘಾತಾಂಕ

ಒಳ್ಳೆಯ ಪ್ರಶ್ನೆ. (−2)² = 4 ನಿಜ. ಆದರೆ ಬೇಸ್ −2 ಇಟ್ಟುಕೊಂಡು ಲಾಗ್ ಎಂಬ ಫಂಕ್ಷನ್ ಕಟ್ಟಲು ಬರಲ್ಲ. (−2)ನ್ನು ಯಾವ ಘಾತಕ್ಕೆ ಏರಿಸಿದರೆ 8? 3 ಹಾಕಿದರೆ −8. ಅರ್ಧ ಘಾತ ಹಾಕಿದರೆ ವಾಸ್ತವ ಸಂಖ್ಯೆಯೇ ಅಲ್ಲ. ಅಲ್ಲಲ್ಲಿ ಒಂದೊಂದು ಚುಕ್ಕಿ ಸಿಗುತ್ತೆ, ನಡುವೆ ಏನೂ ಇಲ್ಲ. ಲಾಗ್ ನಿಯಮಗಳು ಒಂದೂ ನಿಲ್ಲಲ್ಲ. ಅದಕ್ಕೇ ವ್ಯಾಖ್ಯೆಯಲ್ಲೇ ಬೇಸ್ > 0, ಬೇಸ್ ≠ 1 ಅಂತ ಕಟ್ಟು ಹಾಕಿರುವುದು. ಇಲ್ಲಿ ಉತ್ತರ 3 ಮಾತ್ರ.

ಬೇಸ್ 1ರ ಬಲೆ ಇನ್ನೂ ನಾಜೂಕು. ಲಾಗ್[ಕ್ಷ](3ಕ್ಷ − 2) = 2 ಬಿಡಿಸಿ: ಕ್ಷ² − 3ಕ್ಷ + 2 = 0, ಮೂಲಗಳು 1 ಮತ್ತು 2. ಎರಡೂ ಧನ, ಒಳಗಿನ ಸಂಖ್ಯೆ 1 ಮತ್ತು 4, ಅವೂ ಧನ. ಕಣ್ಣಿಗೆ ಎಲ್ಲ ಸರಿ. ಆದರೆ ಕ್ಷ = 1 ಆದರೆ ಲಾಗ್[1](1), 1ನ್ನು ಎಷ್ಟನೇ ಘಾತಕ್ಕೆ ಏರಿಸಿದರೂ 1, ಉತ್ತರ 2 ಅಂತ ಹೇಳಲು ಏನು ಆಧಾರ? 5 ಅಂದರೂ ನಡೆಯುತ್ತೆ. ಅದನ್ನು ಬಿಡಬೇಕು, 2 ಮಾತ್ರ ಉಳಿಯುತ್ತೆ. ಬೇಸಿನಲ್ಲಿ ಕ್ಷ ಇದ್ದರೆ ಷರತ್ತು ಮೂರು: ಒಳಗಿನದು ಧನ, ಬೇಸ್ ಧನ, ಬೇಸ್ 1 ಅಲ್ಲ. ಮೂರನೆಯದನ್ನೇ ಎಲ್ಲರೂ ಮರೆಯುವುದು, ಪ್ರಶ್ನೆ ತೆಗೆಯುವವರಿಗೆ ಅದು ಗೊತ್ತು.

ಕ್ಷ ಒಂದು ಕಡೆ ಒಳಗೆ, ಇನ್ನೊಂದು ಕಡೆ ಬೇಸಿನಲ್ಲಿ ಇದ್ದರೆ ತಲೆಕೆಳಗು ಮಾಡುವ ನಿಯಮ ಬಳಸಿ, ಲಾಗ್[ಕ್ಷ](2) = 1 / ಲಾಗ್[2](ಕ್ಷ). ಉದಾಹರಣೆಗೆ ಲಾಗ್[2](ಕ್ಷ) + ಲಾಗ್[ಕ್ಷ](2) = 5/2. ಟ + 1/ಟ = 5/2, 2ಟ² − 5ಟ + 2 = 0, ಟ = 2 ಅಥವಾ 1/2, ಕ್ಷ = 4 ಅಥವಾ √2. ಎರಡೂ ಸರಿ.

ಬೆಂಚ್_ನಂ_3

ಬೇಸ್ 1ಕ್ಕಿಂತ ಚಿಕ್ಕದಿದ್ದರೆ? ಲಾಗ್[0.5](ಕ್ಷ − 1) > −2 ಅಂತ ಸಿಇಟಿ ಪುಸ್ತಕದಲ್ಲಿದೆ. ನನಗೆ ಕ್ಷ > 5 ಬಂತು.

ಹುಬ್ಬಳ್ಳಿ_ಲೆಕ್ಕ

ಒಂದ್ ಬೆಲೆ ಇಟ್ಟು ನೋಡ್ರಲಾ. ಕ್ಷ = 9 ಇಟ್ರ ಒಳಗ 8, 0.5ನ್ನ −3ಕ್ಕ ಏರಿಸಿದ್ರ 8, ಅಂದ್ರ ಲಾಗ್ −3. ಅದು −2ಕ್ಕಿಂತ ದೊಡ್ಡದೇನು? ಅಲ್ಲ. ಬೇಸ್ 0 ಮತ್ತ 1ರ ನಡುವ ಇದ್ರ ಸಂಖ್ಯೆ ಬೆಳದಂಗ ಲಾಗ್ ಇಳೀತೈತಿ, ಚಿಹ್ನೆ ತಿರುಗಬೇಕು. ಕ್ಷ − 1 < (0.5)⁻² = 4, ಜೊತಿಗೆ ಕ್ಷ − 1 > 0. ಉತ್ತರ 1 < ಕ್ಷ < 5. ಆ ಕೆಳಗಿನ 1 ಬಿಟ್ಟು ಬರೀ ಕ್ಷ < 5 ಬರದ್ರೂ ತಪ್ಪ.

ಕಡಲತೀರ

ಹಾಗಾದರೆ ಅಸಮತೆಯಲ್ಲಿ ಬೇಸೇ ಕ್ಷ ಆದರೆ ಚಿಹ್ನೆ ತಿರುಗಿಸುವುದೋ ಬಿಡುವುದೋ ಗೊತ್ತಾಗುವುದು ಹೇಗೆ? ಲಾಗ್[ಕ್ಷ](ಕ್ಷ + 2) > 2.

ಘಾತಾಂಕ

ಗೊತ್ತಾಗಲ್ಲ, ಅದಕ್ಕೇ ಎರಡು ಪ್ರಕರಣ ಮಾಡಿಕೊಳ್ಳಬೇಕು.

ಕ್ಷ > 1 ಇದ್ದಾಗ ಚಿಹ್ನೆ ಹಾಗೇ: ಕ್ಷ + 2 > ಕ್ಷ², ಅಂದರೆ (ಕ್ಷ − 2)(ಕ್ಷ + 1) < 0, −1 < ಕ್ಷ < 2. ಪ್ರಕರಣದ ಷರತ್ತಿನೊಂದಿಗೆ ಸೇರಿಸಿದರೆ 1 < ಕ್ಷ < 2.

0 < ಕ್ಷ < 1 ಇದ್ದಾಗ ಚಿಹ್ನೆ ತಿರುಗುತ್ತೆ: ಕ್ಷ + 2 < ಕ್ಷ². ಈ ವ್ಯಾಪ್ತಿಯಲ್ಲಿ ಎಡಬದಿ 2ಕ್ಕಿಂತ ಹೆಚ್ಚು, ಬಲಬದಿ 1ಕ್ಕಿಂತ ಕಡಿಮೆ. ಆಗದ ಮಾತು.

ಹಾಗಾಗಿ ಉತ್ತರ 1 < ಕ್ಷ < 2. ಮೂರು ಕಡೆ ತಾಳೆ ನೋಡಿ: ಕ್ಷ = 1.5 ಇಟ್ಟರೆ 1.2528/0.4055 = 3.09, ಸರಿ. ಕ್ಷ = 3 ಇಟ್ಟರೆ ಲಾಗ್[3](5) = 1.46, ಸಾಲದು. ಕ್ಷ = 0.5 ಇಟ್ಟರೆ −1.32, ಅದೂ ಹೊರಗೆ. ಮೊದಲ ಪ್ರಕರಣ ಬಿಡಿಸಿ ಬಂದ −1 < ಕ್ಷ < 2ನ್ನೇ ಉತ್ತರ ಅಂತ ಬರೆದವರು 0.5ರಲ್ಲಿ ಸಿಕ್ಕಿಬೀಳುತ್ತಾರೆ.